ಕಾಡುಮೊಲ ಮತ್ತು ಪಿಕಳಾರ: ಮರಿಗಳ ಸಂರಕ್ಷಣೆ ಕುರಿತು ಮಾಹಿತಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದ ಕುರುಚಲು ಕಾಡು, ಹೊಲದ ಬದು ಮತ್ತು ಕಪ್ಪತಗುಡ್ಡದಲ್ಲಿ ಈ ಎರಡೂ ಜೀವಿಗಳು ಕಂಡುಬರುತ್ತವೆ.

ಕಾಡುಮೊಲ: ಬಿಲ ತೋಡುವುದಿಲ್ಲ; ಹುಲ್ಲಿನ ಮರೆಯಲ್ಲಿ ಮರಿ ಹಾಕುತ್ತದೆ. ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿದ್ದು, ಮೈತುಂಬ ರೋಮ ಹೊಂದಿರುತ್ತವೆ. ತಾಯಿಯು ಹಾಲುಣಿಸಲಷ್ಟೇ ಬರುವುದರಿಂದ, ಒಂಟಿ ಮರಿಯನ್ನು ಅನಾಥವೆಂದು ಭಾವಿಸಿ ಮನೆಗೆ ಒಯ್ಯಬಾರದು.

ಪಿಕಳಾರ (ಬುಲ್‌ಬುಲ್): ಪೊದೆಯಲ್ಲಿ ಬಟ್ಟಲಾಕಾರದ ಗೂಡು ಕಟ್ಟಿ, ಸಾಮಾನ್ಯವಾಗಿ 2ರಿಂದ 3 ಮೊಟ್ಟೆ ಇಡುತ್ತದೆ. ಹುಟ್ಟುವಾಗ ಮರಿಗಳಿಗೆ ಗರಿ ಇರುವುದಿಲ್ಲ, ಕಣ್ಣೂ ತೆರೆದಿರುವುದಿಲ್ಲ. ಕೆಳಗೆ ಬಿದ್ದ ಎಳೆಮರಿಯನ್ನು ಗೂಡಿಗೇ ಮರಳಿಸಬೇಕು.

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಪ್ರಕಾರ ಇವುಗಳನ್ನು ಬೇಟೆಯಾಡುವುದು, ಉರುಳು ಹಾಕಿ ಹಿಡಿಯುವುದು, ಮೊಟ್ಟೆ ಹಾಗೂ ಗೂಡು ನಾಶಪಡಿಸುವುದು ಅಪರಾಧವಾಗಿರುತ್ತದೆ. ಗಾಯಗೊಂಡ ಪ್ರಾಣಿ-ಪಕ್ಷಿ ಕಂಡುಬಂದಲ್ಲಿ ಸಾರ್ವಜನಿಕರು ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸತಕ್ಕದ್ದು.