ಗಡಿ ಸ್ಮಾರಕಗಳ ರಕ್ಷಣೆಯಲ್ಲಿ ಯುವ ಸ್ವಯಂಸೇವೆ: ಪಶ್ಚಿಮ ಬೆಂಗಳೂರು

ಗಡಿಕಾಳಗದಲ್ಲಿ ಮಡಿದವರ ವೀರಗಲ್ಲು, ದತ್ತಿ ಭೂಮಿಯ ಎಲ್ಲೆ ತೋರುವ ಲಿಂಗಮುದ್ರೆ ಮತ್ತು ವಾಮನಮುದ್ರೆ ಕಲ್ಲು, ಕೆಂಪೇಗೌಡರ ಹೆಸರಿನ ಗಡಿಗೋಪುರ ಇವೆಲ್ಲ ಬೆಂಗಳೂರಿನ ಗಡಿ ಸ್ಮಾರಕಗಳು. ಕೂಲಿ ಬಯಸದೆ ಇಂಥವನ್ನು ಹುಡುಕಿ, ದಾಖಲಿಸಿ, ಕಾಯುವ ಕೆಲಸಕ್ಕೆ ಜಗತ್ತಿನಲ್ಲಿ ಒಂದು ಶತಮಾನದ, ಬೆಂಗಳೂರಿನಲ್ಲಿ ಕೆಲವೇ ವರ್ಷಗಳ ಇತಿಹಾಸವಿದೆ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಹೊರಗಿನಿಂದ ಬಂದವರ ಶ್ರಮ ಸ್ಮಾರಕವನ್ನು ಬೆಳಕಿಗೆ ತರಬಲ್ಲದು, ಆದರೆ ಅದನ್ನು ಉಳಿಸುವುದು ಊರಿನವರ ನಿತ್ಯದ ಕಾವಲು.

ಅಂತರರಾಷ್ಟ್ರೀಯ ಶ್ರಮದಾನ ಶಿಬಿರಗಳ ಆರಂಭವೇ ಇದಕ್ಕೆ ಸಾಕ್ಷಿ. 1920ರಲ್ಲಿ ಸ್ವಿಟ್ಜರ್‌ಲೆಂಡಿನ ಪಿಯರ್ ಸೆರೆಸೋಲ್ ಫ್ರಾನ್ಸಿನ ವೆರ್ದೂನ್ ರಣಭೂಮಿಯ ಬಳಿ, ಯುದ್ಧದಲ್ಲಿ ನೆಲಸಮವಾಗಿದ್ದ ಎಸ್ನ್ ಗ್ರಾಮವನ್ನು ಮತ್ತೆ ಕಟ್ಟಲು ಜರ್ಮನ್ನರೂ ಸೇರಿದಂತೆ ಹಲವು ದೇಶದವರನ್ನು ಕೂಡಿಸಿದರು. ಉದ್ದೇಶ ಉದಾತ್ತವಾಗಿತ್ತು, ದುಡಿಮೆ ಪ್ರಾಮಾಣಿಕವಾಗಿತ್ತು. ಆದರೂ ಗಾಯ ಇನ್ನೂ ಹಸಿಯಾಗಿದ್ದ ಆ ಸೀಮೆಯಲ್ಲಿ ಜರ್ಮನ್ನರ ಇರುವಿಕೆಯನ್ನು ಜನ ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ಶಿಬಿರ ಮುಗಿಯಿತು. ಈ ಚಳವಳಿ ಅಲ್ಲಿಗೆ ನಿಲ್ಲಲಿಲ್ಲ. 1934ರ ಬಿಹಾರ ಭೂಕಂಪದ ನಂತರ ಸೆರೆಸೋಲ್ ಭಾರತಕ್ಕೂ ಬಂದರು. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣಗಳಿಗಾಗಿಯೇ ಯುವ ಸ್ವಯಂಸೇವಕರ ಯೋಜನೆ ಆರಂಭಿಸಿತು. ಆದರೆ ಯುನೆಸ್ಕೋ ಪಟ್ಟಿಯಲ್ಲಿಲ್ಲದ, ಚರಂಡಿಯ ಅಂಚಿನಲ್ಲೋ ಮನೆಯ ಗೋಡೆಗೆ ಒರಗಿಯೋ ನಿಂತ ಕಲ್ಲುಗಳನ್ನು ಇಂಥ ಯೋಜನೆ ಮುಟ್ಟುವುದಿಲ್ಲ.

ಪಶ್ಚಿಮ ಬೆಂಗಳೂರಿನ ಸಂಕಟ ಇರುವುದು ಅಲ್ಲೇ. 1949ರಲ್ಲಿ ರಾಜಾಜಿನಗರ ಕೈಗಾರಿಕಾ ಬಡಾವಣೆಯಾಗಿ ರೂಪುಗೊಂಡಿತು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅತ್ತಿಗುಪ್ಪೆ, ಹೊಸಹಳ್ಳಿಗಳು ಒಂದೊಂದಾಗಿ ಬಡಾವಣೆಗಳ ನಡುವೆ ಸೇರಿಹೋದವು. 2007ರಲ್ಲಿ ಕೆಂಗೇರಿಯೂ ಮಹಾನಗರ ಪಾಲಿಕೆಗೆ ಸೇರಿತು. ಊರಿನ ಎಲ್ಲೆ ಅಳಿದಾಗ ಎಲ್ಲೆಗಲ್ಲಿಗೆ ಅರ್ಥ ಹೇಳುವವರೂ ಚದುರುತ್ತಾರೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರಿಂದ ಪಾಠವೇನೋ ಉಳಿಯಿತು, ಹಲವು ಕಲ್ಲುಗಳು ಉಳಿಯಲಿಲ್ಲ. ಆ ಸಂಪುಟವನ್ನು ಕೈಯಲ್ಲಿ ಹಿಡಿದು ಊರೂರು ತಿರುಗುವ ನಾಗರಿಕರ ಪ್ರಯತ್ನ ಕಳೆದ ದಶಕದಲ್ಲಿ ಬಲಗೊಂಡಿತು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ.

ಕಾವಲಿನ ಫಲ ಏನೆಂಬುದನ್ನು ನಗರದ ಉತ್ತರ ಭಾಗದ ಹೆಬ್ಬಾಳ ತೋರಿಸುತ್ತದೆ. 2018ರಲ್ಲಿ ಚರಂಡಿ ಅಗೆಯುವಾಗ ಸಿಕ್ಕ, ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲನ್ನು ಆಸಕ್ತರು ಕೂಡಲೇ ಕಾಪಾಡಿದರು. ಊರಿನ ಸಹಕಾರದಿಂದ ಅದಕ್ಕೆ ಅಲ್ಲೇ ಮಂಟಪವೂ ಆಯಿತು. ಕಲ್ಲಿನ ಮಹತ್ವ ಬಲ್ಲವರ ಕಿವಿಗೆ ಸುದ್ದಿ ಬೇಗ ಬಿದ್ದದ್ದೂ ಸುತ್ತಲಿನ ಜನ ಅದನ್ನು ತಮ್ಮದೆಂದು ಒಪ್ಪಿದ್ದೂ ಕೂಡಿಬಂದದ್ದೇ ಇದರ ಗುಟ್ಟು.

ಕಲ್ಲುಗಳನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರೆ ಸುರಕ್ಷಿತವಲ್ಲವೇ ಎಂಬುದು ಮೊದಲ ಆಕ್ಷೇಪ. ನಾಶದ ಅಂಚಿನಲ್ಲಿರುವ ಕಲ್ಲಿಗೆ ಅದೇ ದಾರಿ, ನಿಜ. ಆದರೆ ಗಡಿ ತೋರುವ ಕಲ್ಲಿನ ಅರ್ಧ ಸಾಕ್ಷ್ಯ ಅದು ನಿಂತ ನೆಲದಲ್ಲಿದೆ. ಕಿತ್ತೊಯ್ದರೆ ಯಾವ ಕೆರೆಯ, ಯಾವ ಹೊಲದ ಎಲ್ಲೆ ಎಂಬುದು ಕಳೆದುಹೋಗುತ್ತದೆ. ತರಬೇತಿಯಿಲ್ಲದ ಯುವಕರು ಹಾನಿಯನ್ನೇ ಮಾಡಿಯಾರು ಎಂಬ ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಬಣ್ಣ ಬಳಿಯುವುದು, ಆಸಿಡ್ ಹಾಕಿ ತೊಳೆಯುವುದು, ಸಿಮೆಂಟ್ ಮೆತ್ತುವುದು ಅಕ್ಷರಗಳನ್ನು ಶಾಶ್ವತವಾಗಿ ಕೆಡಿಸುತ್ತವೆ. ಆದ್ದರಿಂದ ಕಲ್ಲನ್ನು ಮುಟ್ಟುವ ಕೆಲಸ ಪುರಾತತ್ವ ತಜ್ಞರದೇ ಆಗಬೇಕು. ಹುಡುಕುವುದು, ಛಾಯಾಚಿತ್ರ ತೆಗೆಯುವುದು, ಜಾಗವನ್ನು ನಕ್ಷೆಯಲ್ಲಿ ಗುರುತಿಸುವುದು, ನೆರೆಹೊರೆಗೆ ಶಾಸನದ ಅರ್ಥ ತಿಳಿಸುವುದು ಇವೆಲ್ಲ ಯುವಕರ ಪಾಲಿಗಿರಲಿ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ವಾರದ ಶಿಬಿರಕ್ಕೂ ಹೊರದೇಶದಿಂದ ಬಂದ ವಿದ್ಯಾರ್ಥಿಗಳಿಗೂ ಇದು ಒಪ್ಪುವ ಕೆಲಸವೇ. ಆದರೆ ಶಿಬಿರ ಮುಗಿದ ಮೇಲೂ ಆ ದಾಖಲೆ ವಾರ್ಡ್ ಕಚೇರಿಯಲ್ಲಿರಬೇಕು. ರಸ್ತೆ, ಚರಂಡಿಯ ಗುತ್ತಿಗೆ ಕೊಡುವ ಮುನ್ನ ಇಂಜಿನಿಯರ್ ಅದನ್ನು ನೋಡಲೇಬೇಕು. ಆಗ ಮಾತ್ರ ಸ್ವಯಂಸೇವೆಯ ಶ್ರಮ ರಕ್ಷಣೆಯಾಗಿ ನಿಲ್ಲುತ್ತದೆ.