ಫಾರ್ಮಸಿ ಶಿಕ್ಷಣದಲ್ಲಿ ಆಸ್ಪತ್ರೆ ತರಬೇತಿ

ಫಾರ್ಮಸಿ ವಿದ್ಯಾರ್ಥಿಗಳು ಆಸ್ಪತ್ರೆಯ ವಾರ್ಡು, ಔಷಧ ವಿತರಣಾ ಕೌಂಟರ್ ಹಾಗೂ ಮೆಡಿಕಲ್ ಅಂಗಡಿಗಳಲ್ಲಿ ರೋಗಿಗಳ ನಡುವೆ ಕೆಲಸ ಮಾಡುತ್ತ ಪಡೆಯುವ ತರಬೇತಿ ಇದು. ಭಾರತದಲ್ಲಿ ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಓದುವವರಿಗೆ 1991ರ ಶಿಕ್ಷಣ ನಿಯಮಾವಳಿ 500 ಗಂಟೆಗಳ ತರಬೇತಿ ವಿಧಿಸಿತು. ಅದರಲ್ಲಿ ಕನಿಷ್ಠ 250 ಗಂಟೆ ವೈದ್ಯರ ಚೀಟಿ ನೋಡಿ ಔಷಧ ಕೊಡುವ ಕೆಲಸಕ್ಕೇ ಮೀಸಲು. ಈ ಗಂಟೆಗಳಿಗೆ ತರಬೇತಿ ಕೊಟ್ಟವರ ಸಹಿಯೇ ಸಾಕ್ಷಿ. ಮೇಲ್ವಿಚಾರಣೆ ಇಲ್ಲದಿದ್ದರೆ ಅವು ಕಾಗದದಲ್ಲೇ ಉಳಿಯುತ್ತವೆ.

ಭಾರತೀಯ ಫಾರ್ಮಸಿ ಪರಿಷತ್ತು 2008ರಲ್ಲಿ ಆರು ವರ್ಷಗಳ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸಿಗೆ ನಿಯಮ ರೂಪಿಸಿತು. ಅದಕ್ಕೂ ಮೊದಲೇ, 1990ರ ದಶಕದಲ್ಲಿ, ಮೈಸೂರು ಮತ್ತು ಊಟಿಯ ಜೆ.ಎಸ್.ಎಸ್. ಕಾಲೇಜುಗಳು ಫಾರ್ಮಸಿ ಪ್ರಾಕ್ಟೀಸ್ (ರೋಗಿಯ ಆರೈಕೆಗೆ ಸಂಬಂಧಿಸಿದ ಫಾರ್ಮಸಿ) ವಿಷಯದಲ್ಲಿ ಸ್ನಾತಕೋತ್ತರ ಶಿಕ್ಷಣ ಆರಂಭಿಸಿ ವಾರ್ಡಿನ ತರಬೇತಿಗೆ ದಾರಿ ತೆರೆದಿದ್ದವು. ಫಾರ್ಮ್.ಡಿ ಐದನೆಯ ವರ್ಷದಲ್ಲಿ ವಾರ್ಡಿನಲ್ಲೇ ಕಲಿಯುವ ಕ್ಲರ್ಕ್‌ಶಿಪ್ ಇದೆ. ಆರನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್: ಆರು ತಿಂಗಳು ಜನರಲ್ ಮೆಡಿಸಿನ್, ಬೇರೆ ಮೂರು ವಿಭಾಗಗಳಲ್ಲಿ ತಲಾ ಎರಡು ತಿಂಗಳು. ಕೋರ್ಸ್ ನಡೆಸಲು ಕನಿಷ್ಠ 300 ಹಾಸಿಗೆಗಳ ಆಸ್ಪತ್ರೆಯ ನಂಟು ಇರಬೇಕು.

ಹಾಸಿಗೆ ಸಿಕ್ಕರೂ ಕಲಿಸುವವರು ಸಿಗುವುದು ಕಷ್ಟ. ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ (ವಾರ್ಡಿನಲ್ಲೇ ರೋಗಿಗಳ ಔಷಧ ಪರಿಶೀಲಿಸುವವರು) ಎಂಬ ಹುದ್ದೆಯೇ ಇಲ್ಲ. ಕಾಲೇಜಿನ ಅಧ್ಯಾಪಕರೇ ಪ್ರಿಸೆಪ್ಟರ್ (ತರಬೇತಿ ಮಾರ್ಗದರ್ಶಕ) ಆಗಿ ವಾರ್ಡಿಗೆ ಬರುತ್ತಾರೆ, ಅಲ್ಲಿ ಅವರೂ ಅತಿಥಿಗಳೇ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುತ್ತಿರುವ ರೋಗಿಗೆ ಸೋಂಕಿನ ಔಷಧ ಮೆಟ್ರೊನಿಡಜೋಲ್ ಬರೆದಿರುವುದನ್ನು ವಿದ್ಯಾರ್ಥಿನಿ ಕೇಸ್ ಶೀಟಿನಲ್ಲಿ ಗಮನಿಸುತ್ತಾಳೆ ಎನ್ನೋಣ. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ) ಪರೀಕ್ಷೆ ಬೇಗ ಆಗಬೇಕು. ಆದರೆ ರೌಂಡ್ಸ್ ಮುಗಿಸಿ ಹೊರಟ ಯೂನಿಟ್ ಮುಖ್ಯಸ್ಥರನ್ನು ತಡೆದು ಹೇಳುವ ಅಧಿಕಾರ ಅವಳಿಗಿಲ್ಲ. ಆ ಸೂಚನೆ ಲಾಗ್‌ಬುಕ್ಕಿಗೆ ಸೇರುತ್ತದೆ, ಅಂಕವೂ ಸಿಗುತ್ತದೆ, ರೋಗಿಗೆ ತಲುಪುವುದಿಲ್ಲ. ತರಬೇತಿಯ ದೊಡ್ಡ ಸೋಲು ಇದೇ.

ಭಾಷೆಯ ತೊಡಕೂ ಸಣ್ಣದಲ್ಲ. ಕರ್ನಾಟಕದ ಕಾಲೇಜುಗಳಿಗೆ ಕೇರಳ ಮತ್ತು ಉತ್ತರ ಭಾರತದಿಂದ ಬರುವವರು ಅನೇಕ. ಇನ್ಹೇಲರ್ ಎಳೆಯುವ ಕ್ರಮವನ್ನಾಗಲಿ, ಇನ್ಸುಲಿನ್ ಚುಚ್ಚಿಕೊಳ್ಳುವ ಜಾಗವನ್ನಾಗಲಿ ಹಳ್ಳಿಯ ಅಜ್ಜಿಗೆ ಕನ್ನಡದಲ್ಲೇ ಹೇಳಬೇಕು. ಊಟಕ್ಕೆ ಮುಂಚೆ, ಊಟದ ನಂತರ ಎಂಬಷ್ಟನ್ನು ತಪ್ಪಾಗಿ ಹೇಳಿದರೂ ಮಾತ್ರೆಯ ಪರಿಣಾಮ ಬದಲಾಗಬಹುದು. 

ಅಮೆರಿಕದ 2016ರ ಫಾರ್ಮಸಿ ಶಿಕ್ಷಣ ಮಾನದಂಡಗಳು ಇಂಥ ತರಬೇತಿಯ ಅಂತಿಮ ಹಂತಕ್ಕೇ 1,440 ಗಂಟೆಗಳನ್ನು ನಿಗದಿಪಡಿಸಿದವು. ಅಲ್ಲಿಯೂ ಕಾಲೇಜುಗಳು ಪ್ರಿಸೆಪ್ಟರ್‌ಗಳಿಗಾಗಿ ಪೈಪೋಟಿ ನಡೆಸುತ್ತವೆ. ಆದರೆ ವಾರ್ಡಿನಲ್ಲಿ ಸಂಬಳ ಪಡೆದು ದುಡಿಯುವ ಫಾರ್ಮಸಿಸ್ಟ್ ಅಲ್ಲಿನ ವಿದ್ಯಾರ್ಥಿಯ ಕಣ್ಣೆದುರಿಗೇ ಇರುತ್ತಾರೆ. ಭಾರತದ ಬೋಧನಾ ಆಸ್ಪತ್ರೆಗಳಲ್ಲಿ ಆ ಹುದ್ದೆ ಮಂಜೂರಾಗದೆ, ತರಬೇತಿಯ ಗಂಟೆಗಳನ್ನು ಮಾತ್ರ ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ.