ಕಡತದಲ್ಲಿ ಸಮೀಕರಣ, ನಕ್ಷೆ: ಕೆಡದಂತೆ ಸೇರಿಸುವುದು ಹೇಗೆ?

ಹಾಸನ: ಹಾಸನ-ಬೇಲೂರು ರಸ್ತೆಗೆ ಸಮೀಪದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವು ಹೊಯ್ಸಳರ ಅಪರೂಪದ ಚತುಷ್ಕೂಟ. 12ನೇ ಶತಮಾನದ ಆರಂಭದಲ್ಲಿ, ವಿಷ್ಣುವರ್ಧನನ ಕಾಲದಲ್ಲಿ, ವರ್ತಕ ಕುಲ್ಲಹಣ ರಾಹುತ ಮತ್ತು ಸಹಜಾದೇವಿ ದಂಪತಿ ಇದನ್ನು ಕಟ್ಟಿಸಿದರು. 2020ರ ನವೆಂಬರ್‌ನಲ್ಲಿ ಇಲ್ಲಿನ ಕಾಳಿ ವಿಗ್ರಹ ಭಗ್ನಗೊಂಡಿದ್ದುದು ಬೆಳಕಿಗೆ ಬಂದಿತು. ಶಿಲ್ಪ ಒಡೆದ ಬಳಿಕ ಉಳಿಯುವುದು ಅಳತೆ, ನಕ್ಷೆ ಮತ್ತು ಛಾಯಾಚಿತ್ರಗಳ ದಾಖಲೆ ಮಾತ್ರ. ಆ ದಾಖಲೆಯೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುವಾಗ ಕೆಟ್ಟರೆ ಶ್ರಮವೆಲ್ಲ ವ್ಯರ್ಥ. ಇಂತಹ ದೇವಾಲಯದ ಅಧ್ಯಯನ ವರದಿ ಸಿದ್ಧಪಡಿಸುವ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶಗಳು ಇಲ್ಲಿವೆ.

ಸಮೀಕರಣ
ಮೈಕ್ರೋಸಾಫ್ಟ್ ವರ್ಡ್‌ನಲ್ಲಿ 2007ರ ಆವೃತ್ತಿಯಿಂದ ಸಮೀಕರಣ ಸೌಲಭ್ಯ ಅಂತರ್ಗತವಾಗಿದೆ. ಆಲ್ಟ್ ಕೀಲಿಯೊಡನೆ ಸಮ ಚಿಹ್ನೆ ಒತ್ತಿದರೆ ಚೌಕಟ್ಟು ತೆರೆದುಕೊಳ್ಳುತ್ತದೆ. ಅದರಲ್ಲಿ 3/4 ಎಂದು ಬರೆದು ಸ್ಪೇಸ್ ಒತ್ತಿದರೆ ಭಿನ್ನರಾಶಿ, 5^2 ಎಂದು ಬರೆದರೆ ಘಾತ ಮೂಡುತ್ತದೆ. ಉಚಿತ ತಂತ್ರಾಂಶ ಲಿಬ್ರೆ ಆಫೀಸ್‌ನಲ್ಲಿ ಇದೇ ಕೆಲಸಕ್ಕೆ 'ಮ್ಯಾಥ್' ಇದೆ.

ಹಳೆಯ 'ಈಕ್ವೇಶನ್ ಎಡಿಟರ್ 3.0' ಅನ್ನು ಭದ್ರತಾ ಲೋಪದ ಕಾರಣ 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತೆಗೆದುಹಾಕಿತು. ಅದರಲ್ಲಿ ರಚಿಸಿದ ಹಳೆಯ ಪ್ರಶ್ನೆಪತ್ರಿಕೆಗಳ ಸಮೀಕರಣಗಳು ಕಾಣಿಸಿದರೂ ಆ ಎಡಿಟರ್‌ನಲ್ಲಿ ತಿದ್ದಲು ಈಗ ಸಾಧ್ಯವಿಲ್ಲ. ಹೊಸ ಕಡತವನ್ನು 'ಡಾಕ್ಸ್' ರೂಪದಲ್ಲಿಯೇ ಉಳಿಸಬೇಕು. ಹಳೆಯ 'ಡಾಕ್' ರೂಪಕ್ಕೆ ಬದಲಾಯಿಸಿದರೆ ಸಮೀಕರಣಗಳು ಬರಿಯ ಚಿತ್ರಗಳಾಗುತ್ತವೆ.

ಕನ್ನಡ ಅಕ್ಷರ
ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಇರಿಸಿಕೊಂಡಿವೆ. ಸಮೀಕರಣದ ಚೌಕಟ್ಟಿನಲ್ಲಿ ಫಾಂಟ್ ಬದಲಾದೊಡನೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಆದುದರಿಂದ ಯೂನಿಕೋಡ್ ಬಳಸುವುದು ಲೇಸು. ಸಮೀಕರಣದೊಳಗೆ ಸಂಕೇತಗಳನ್ನು ಮಾತ್ರ ಇರಿಸಿ, ಅವುಗಳ ಕನ್ನಡ ವಿವರಣೆಯನ್ನು ಕೆಳಗಿನ ಸಾಲಿನಲ್ಲಿ ನೀಡಬೇಕು.

ನಕ್ಷೆ
ಗೆರೆ, ಬಾಣ, ಹೆಸರುಗಳನ್ನು ಪುಟದ ಮೇಲೆ ಬಿಡಿಬಿಡಿಯಾಗಿ ಎಳೆದರೆ, ಮೇಲೊಂದು ಸಾಲು ಸೇರಿದರೂ ಅವು ಚೆದುರುವ ಸಂಭವವಿದೆ. ಎಲ್ಲವನ್ನೂ ಆಯ್ದು 'ಗ್ರೂಪ್' ಮಾಡಿ, 'ಇನ್ ಲೈನ್ ವಿತ್ ಟೆಕ್ಸ್ಟ್' ಆಯ್ಕೆ ನೀಡಿದರೆ ನಕ್ಷೆ ತನ್ನ ವಾಕ್ಯದೊಡನೆಯೇ ಸಾಗುತ್ತದೆ. ದೊಡ್ಡ ನಕ್ಷೆಗಳನ್ನು ಇಂಕ್‌ಸ್ಕೇಪ್‌ನಂತಹ ತಂತ್ರಾಂಶದಲ್ಲಿ ಬರೆದು 'ಎಸ್‌ವಿಜಿ' ರೂಪದಲ್ಲಿ ಸೇರಿಸುವುದು ಉತ್ತಮ. 'ಜೆಪೆಗ್' ಚಿತ್ರವನ್ನು ಹಿಗ್ಗಿಸಿದರೆ ಗೆರೆಗಳು ಮಸುಕಾಗುತ್ತವೆ.

ಅಳತೆಯ ವಿಷಯದಲ್ಲಿ ಎಚ್ಚರಿಕೆ ಅತ್ಯಗತ್ಯ. 1:100 ಪ್ರಮಾಣದಲ್ಲಿ 1 ಮೀಟರ್ ಗೋಡೆ ಕಾಗದದ ಮೇಲೆ 1 ಸೆಂಟಿಮೀಟರ್. ಪುಟಕ್ಕೆ ಹೊಂದಿಸಲು ನಕ್ಷೆಯನ್ನು ಅರ್ಧಕ್ಕೆ ಕುಗ್ಗಿಸಿದರೆ ಅದು 1:200 ಆಗುತ್ತದೆ. ಕೆಳಗೆ ಬರೆದ 1:100 ಮಾತ್ರ ಹಾಗೆಯೇ ಉಳಿದು ಓದುಗರನ್ನು ತಪ್ಪುದಾರಿಗೆ ಎಳೆಯುತ್ತದೆ. ಅಂಕಿಯ ಬದಲು ನಕ್ಷೆಯೊಳಗೇ ಅಳತೆಪಟ್ಟಿಯ ಗೆರೆ ಎಳೆದರೆ, ನಕ್ಷೆ ಕುಗ್ಗಿದಷ್ಟೇ ಅದೂ ಕುಗ್ಗುವುದರಿಂದ ಲೆಕ್ಕ ತಪ್ಪುವುದಿಲ್ಲ. ಉತ್ತರ ದಿಕ್ಕಿನ ಬಾಣವನ್ನೂ ಮರೆಯುವಂತಿಲ್ಲ. ನಾಲ್ಕು ಗರ್ಭಗುಡಿಗಳುಳ್ಳ ದೇವಾಲಯದಲ್ಲಿ ದಿಕ್ಕು ತಿಳಿಯದಿದ್ದರೆ ಯಾವ ಗುಡಿ ಯಾವುದೆಂದೇ ತಿಳಿಯದು.

ಕೊನೆಯ ಹಂತ
ಮುದ್ರಣಕ್ಕೆ ಕೊಂಡೊಯ್ಯುವ ಮುನ್ನ ಕಡತವನ್ನು ಪಿಡಿಎಫ್‌ಗೆ ಪರಿವರ್ತಿಸಿ ಪ್ರತಿ ಪುಟವನ್ನೂ ಪರಿಶೀಲಿಸಬೇಕು. ಮೂಲ ಕಡತ ಹಾಗೂ ನಕ್ಷೆಯ ಮೂಲ ಪ್ರತಿಯನ್ನು ಪ್ರತ್ಯೇಕವಾಗಿ ಕಾಯ್ದಿರಿಸಬೇಕು. ಮುಂದೆ ತಿದ್ದುಪಡಿ ಬೇಕಾದಾಗ ನೆರವಾಗುವುದು ಅವುಗಳೇ.